ಸೈ ಯಂಗ್ ಮತದಾನ ದಾರಿ ತಪ್ಪಿತೇ? ಪರಿಶೀಲಿಸುವ ಕ್ರಮ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ವರ್ಷದ ಅತ್ಯುತ್ತಮ ಪಿಚರ್‌ಗೆ (ಚೆಂಡೆಸೆಯುವ ಆಟಗಾರನಿಗೆ) ಸಲ್ಲುವ ಸೈ ಯಂಗ್ ಪ್ರಶಸ್ತಿ ನವೆಂಬರ್‌ನಲ್ಲಿ ಪ್ರಕಟವಾಗುತ್ತದೆ. ಅನ್ಯಾಯವಾಯಿತೆಂಬ ದೂರು ಅದರ ಬೆನ್ನಿಗೇ ಬರುವುದುಂಟು. ಆ ದೂರಿನಲ್ಲಿ ಹುರುಳಿದೆಯೇ ಎಂದು ನಿರ್ಧರಿಸಬೇಕಾದರೆ ಆ ವರ್ಷ ಜಾರಿಯಲ್ಲಿದ್ದ ಮತದಾನದ ನಿಯಮವನ್ನು ಮೊದಲು ತಿಳಿದುಕೊಳ್ಳಿ.

ಮತ ಹಾಕುವವರು ಬೇಸ್‌ಬಾಲ್ ಬರಹಗಾರರ ಸಂಘದ ಸದಸ್ಯರು. ಈಗ ಅಮೆರಿಕನ್, ನ್ಯಾಷನಲ್ ಎಂಬ ಎರಡು ಲೀಗ್‌ಗಳಲ್ಲಿ ಪ್ರತಿಯೊಂದಕ್ಕೂ 30 ಮತದಾರರಿದ್ದಾರೆ. ಪ್ಲೇಆಫ್ (ಋತುವಿನ ಕೊನೆಯ ಪ್ರಶಸ್ತಿ ಸುತ್ತಿನ ಪಂದ್ಯಗಳು) ಆರಂಭವಾಗುವ ಮುನ್ನವೇ ಮತಪತ್ರ ತಲುಪಬೇಕಾದ್ದರಿಂದ ಅಕ್ಟೋಬರ್‌ನ ಸಾಹಸಗಳನ್ನು ಲೆಕ್ಕಕ್ಕೆ ತರಬಾರದು. ಪ್ರಶಸ್ತಿ 1956ರಲ್ಲಿ ಶುರುವಾದಾಗ ಒಂದೇ ಇತ್ತು. 1967ರಿಂದ ಎರಡೂ ಲೀಗ್‌ಗಳಿಗೆ ಪ್ರತ್ಯೇಕವಾಯಿತು. ಒಬ್ಬ ಮತದಾರ ಒಂದೇ ಹೆಸರು ಬರೆಯುವ ಪದ್ಧತಿಯಿಂದಾಗಿ 1969ರಲ್ಲಿ ಡೆನ್ನಿ ಮೆಕ್‌ಲೇನ್ ಮತ್ತು ಮೈಕ್ ಕ್ವೆಯಾರ್ ಸಮಬಲ ಸಾಧಿಸಿ ಪ್ರಶಸ್ತಿ ಹಂಚಿಕೊಂಡ ಮೇಲೆ, 1970ರಿಂದ ಮೂರು ಹೆಸರು ಬರೆಯುವ ಕ್ರಮ ಬಂತು. 2010ರಿಂದ ಐದು ಹೆಸರಿಗೆ ಅವಕಾಶವಿದ್ದು, ಕ್ರಮವಾಗಿ 7, 4, 3, 2, 1 ಅಂಕ ಸಿಗುತ್ತವೆ.

ನಂತರ ಪಿಚರ್‌ನ ಗೆಲುವುಗಳ ಸಂಖ್ಯೆಯನ್ನು ಬದಿಗಿಡಿ. ಆತನ ಹೆಸರಿಗೆ ಗೆಲುವು ಬರೆಯಬೇಕಾದರೆ ಸ್ವಂತ ತಂಡದ ಬ್ಯಾಟಿಂಗ್ ಕೈಹಿಡಿಯಲೇಬೇಕು. ಕ್ರಿಕೆಟ್ ಬಲ್ಲವರಿಗೆ ಹೇಳುವುದಾದರೆ, ಆರಂಭಿಕರು ಶತಕ ಹೊಡೆದರೆಂದು ಬೌಲರ್‌ನನ್ನು ಮೆಚ್ಚಿದಂತೆ. ಹಳೆಯ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟಿವೆ. 1990ರ ಅಮೆರಿಕನ್ ಲೀಗ್‌ನಲ್ಲಿ 27 ಗೆಲುವು, 2.95 ಇಆರ್‌ಎ (ಫೀಲ್ಡಿಂಗ್ ತಪ್ಪುಗಳಿಂದ ಬಂದವನ್ನು ಬಿಟ್ಟು, ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ಸರಾಸರಿ ರನ್; ಕಡಿಮೆಯಿದ್ದಷ್ಟೂ ಉತ್ತಮ) ಇದ್ದ ಓಕ್ಲಂಡ್‌ನ ಬಾಬ್ ವೆಲ್ಚ್‌ಗೆ ಪ್ರಶಸ್ತಿ ಸಂದಿತು. 21 ಗೆಲುವು, 1.93 ಇಆರ್‌ಎ ಇದ್ದ ರೋಜರ್ ಕ್ಲೆಮೆನ್ಸ್ ಹಿಂದೆ ಉಳಿದರು. 2005ರಲ್ಲಿ 21 ಗೆಲುವಿನ ಬಾರ್ಟೊಲೊ ಕೊಲೋನ್ (ಇಆರ್‌ಎ 3.48) ಗೆದ್ದಾಗ, 2.87 ಇಆರ್‌ಎಯೊಂದಿಗೆ 238 ಸ್ಟ್ರೈಕ್‌ಔಟ್ (ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ಗಳಲ್ಲಿ ಔಟ್ ಮಾಡುವುದು) ಗಳಿಸಿದ್ದ ಯೋಹಾನ್ ಸಂಟಾನಾ ಮೂರನೆಯ ಸ್ಥಾನಕ್ಕೆ ಸರಿದರು. ನನ್ನ ದೃಷ್ಟಿಯಲ್ಲಿ ಇವೆರಡೂ ಸಮರ್ಥಿಸಲಾಗದ ತೀರ್ಪುಗಳೇ.

ಆದರೆ ಇಂಥ ಮತವನ್ನು ತೂಗುವಾಗ ಆ ಕಾಲದವರ ಕೈಗೆ ಸಿಗದಿದ್ದ ಅಳತೆಗೋಲನ್ನು ಬಳಸಬಾರದು. ಇಂದಿನ ‘ವಾರ್’ನಂಥ ಒಟ್ಟು ಮೌಲ್ಯದ ಲೆಕ್ಕ 1990ರ ಬರಹಗಾರರ ಮುಂದೆ ಇರಲಿಲ್ಲ. ಇಆರ್‌ಎ ಮಾತ್ರ ದಿನಪತ್ರಿಕೆಯಲ್ಲೇ ಅಚ್ಚಾಗುತ್ತಿತ್ತು. ಒಂಬತ್ತು ಇನ್ನಿಂಗ್ಸ್‌ಗೆ ಒಂದು ರನ್ನಿನಷ್ಟು ಅಂತರವನ್ನು ಕಂಡೂ ಕಾಣದಂತಿದ್ದರು ಎಂಬ ಆಕ್ಷೇಪಕ್ಕೆ ಅಷ್ಟೇ ಸಾಕು. ಮುಂದೆ ಧೋರಣೆ ಬದಲಾಯಿತು: ರನ್ ಗಳಿಸಲು ಪರದಾಡಿ 101 ಪಂದ್ಯ ಸೋತ ಸಿಯಾಟಲ್ ತಂಡದ ಫೆಲಿಕ್ಸ್ ಹೆರ್ನಾಂಡೆಜ್ 13 ಗೆಲುವು, 12 ಸೋಲಿನೊಂದಿಗೇ 2010ರಲ್ಲಿ ಪ್ರಶಸ್ತಿ ಪಡೆದರು, 2018ರಲ್ಲಿ ಜೇಕಬ್ ಡಿಗ್ರಾಮ್ ಬರೀ 10 ಗೆಲುವು, 1.70 ಇಆರ್‌ಎಯೊಂದಿಗೆ 30ರಲ್ಲಿ 29 ಮೊದಲ ಸ್ಥಾನದ ಮತ ಗಳಿಸಿದರು.

ಒಟ್ಟು ಫಲಿತಾಂಶ ನೋಡಿ ಸುಮ್ಮನಾಗದೆ ಬಿಡಿ ಮತಪತ್ರಗಳನ್ನು ಓದುವುದು ಅತಿ ಮುಖ್ಯ. ಸಂಘವೇ ಅವುಗಳನ್ನು ಈಗ ಪ್ರಕಟಿಸುತ್ತದೆ. 2016ರ ಅಮೆರಿಕನ್ ಲೀಗ್ ಉದಾಹರಣೆ ತೆಗೆದುಕೊಳ್ಳಿ: ಜಸ್ಟಿನ್ ವರ್ಲಾಂಡರ್‌ಗೆ 14 ಮೊದಲ ಸ್ಥಾನಗಳು, ರಿಕ್ ಪೊರ್ಸೆಲೊಗೆ 8 ಮಾತ್ರ, ಆದರೂ ಪೊರ್ಸೆಲೊ 137–132 ಅಂಕಗಳಿಂದ ಗೆದ್ದರು. 18 ಮಂದಿ ಅವರನ್ನು ಎರಡನೆಯವರೆಂದು ಬರೆದಿದ್ದರು, ಇದು ಪದ್ಧತಿಯ ಸಹಜ ಫಲ. ಆದರೆ ಇಬ್ಬರು ಮತದಾರರ ಪತ್ರದಲ್ಲಿ ವರ್ಲಾಂಡರ್ ಹೆಸರು ಐದರಲ್ಲೂ ಇರಲಿಲ್ಲ. ಪೊರ್ಸೆಲೊ ಅಂಕ ಹಾಗೆಯೇ ಉಳಿದು ಆ ಇಬ್ಬರೂ ವರ್ಲಾಂಡರ್‌ಗೆ ನಾಲ್ಕನೆಯ ಸ್ಥಾನ ಕೊಟ್ಟಿದ್ದರೆ 136 ಆಗುತ್ತಿತ್ತು, ಸಾಲುತ್ತಿರಲಿಲ್ಲ. ಮೂರನೆಯ ಸ್ಥಾನ ಕೊಟ್ಟಿದ್ದರೆ 138 ಆಗಿ ಪ್ರಶಸ್ತಿಯೇ ಕೈಬದಲಾಗುತ್ತಿತ್ತು. ಮತ ‘ನಿರ್ಣಾಯಕ’ವಾಗಿತ್ತೇ ಎಂದು ಹೇಳುವ ಮುನ್ನ ಈ ಲೆಕ್ಕ ಹಾಕಿಯೇ ನೋಡಬೇಕು. ಆ ವರ್ಷ 3.04 ಇಆರ್‌ಎ, 254 ಸ್ಟ್ರೈಕ್‌ಔಟ್ ಗಳಿಸಿದವರನ್ನು ಅಗ್ರ ಐವರಿಂದ ಹೊರಗಿಡಲು ಬಲವಾದ ಕಾರಣವೇ ಬೇಕು. 2009ರ ನ್ಯಾಷನಲ್ ಲೀಗ್‌ನಲ್ಲೂ ಇಬ್ಬರು ಕ್ರಿಸ್ ಕಾರ್ಪೆಂಟರ್ ಹೆಸರು ಬಿಟ್ಟಿದ್ದರು; ಆಗ ಇದ್ದದ್ದು ಮೂರೇ ಸ್ಥಾನವಾದ್ದರಿಂದ ಆ ತಪ್ಪನ್ನು ಅಷ್ಟು ಕಠಿಣವಾಗಿ ನೋಡಬೇಕಿಲ್ಲ.

ಕೊನೆಯದಾಗಿ, ಎಸೆದ ಇನ್ನಿಂಗ್ಸ್ ಮತ್ತು ಎಸೆತದ ಗುಣಮಟ್ಟವನ್ನು ಜೊತೆಗಿಟ್ಟು ನೋಡಿ. 2021ರ ನ್ಯಾಷನಲ್ ಲೀಗ್‌ನಲ್ಲಿ ಕಾರ್ಬಿನ್ ಬರ್ನ್ಸ್ 167 ಇನ್ನಿಂಗ್ಸ್‌ಗಳಲ್ಲಿ 2.43 ಇಆರ್‌ಎ ಕಾಯ್ದುಕೊಂಡರೆ, ಜ್ಯಾಕ್ ವೀಲರ್ 213ಕ್ಕೂ ಹೆಚ್ಚು ಇನ್ನಿಂಗ್ಸ್‌ಗಳಲ್ಲಿ 2.78ರಲ್ಲಿದ್ದರು. ಇಬ್ಬರಿಗೂ 12 ಮೊದಲ ಸ್ಥಾನದ ಮತಗಳು ಬಂದು, ಬರ್ನ್ಸ್ 151–141 ಅಂಕಗಳಿಂದ ಗೆದ್ದರು. ನಾನಾಗಿದ್ದರೆ ವೀಲರ್‌ಗೆ ಮತ ಹಾಕುತ್ತಿದ್ದೆ. ಹಾಗೆಂದು ಬರ್ನ್ಸ್‌ಗೆ ಹಾಕಿದವರ ಮೇಲೆ ಸಂಶಯಪಡಲು ಯಾವ ಆಧಾರವೂ ಇಲ್ಲ.