ಕಾಫಿ ತೋಟದ ಕಬ್ಬೆಕ್ಕಿಗೆ ಎರಡು ಫ್ಲ್ಯಾಶ್

ರಾತ್ರಿ ತಿರುಗುವ ಕಬ್ಬೆಕ್ಕಿನ ಚಿತ್ರವನ್ನು ಕ್ಯಾಮೆರಾ ಟ್ರ್ಯಾಪಿನಲ್ಲಿ, ಅಂದರೆ ಪ್ರಾಣಿ ಬಂದಾಗ ತಾನೇ ಕ್ಲಿಕ್ಕಿಸುವಂತೆ ಕಟ್ಟಿಟ್ಟ ಕ್ಯಾಮೆರಾದಲ್ಲಿ, ತೆಗೆಯಬೇಕೇ? ಅದು ಹಿಕ್ಕೆ ಹಾಕಿದ ದಿಮ್ಮಿ ಅಥವಾ ಬಂಡೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಅದು ಮತ್ತೆ ಅದೇ ದಾರಿಯಲ್ಲಿ ಬರುವ ಸಾಧ್ಯತೆ ಹೆಚ್ಚು. ಆಮಿಷ ಇಡಬೇಡಿ. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕ್ಯಾಮೆರಾ ಕಟ್ಟಲೇಬಾರದು.

ಕ್ಯಾಮೆರಾ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ, ದಾರಿಯಿಂದ ಒಂದೂವರೆ ಮೀಟರ್ ದೂರದಲ್ಲಿರಲಿ. ಪ್ರಾಣಿ ಬರುವ ಜಾಗದಲ್ಲಿ ಕೋಲು ನೆಟ್ಟು ಮ್ಯಾನುಯಲ್ ಫೋಕಸ್ ಮಾಡಿ, ಲೆನ್ಸಿನ ಫೋಕಸ್ ರಿಂಗ್ ಅಲುಗದಂತೆ ಟೇಪ್ ಸುತ್ತಿ, ಕೋಲು ತೆಗೆಯಿರಿ. ಅಪರ್ಚರ್ ಎಫ್/8, ಶಟರ್ 1/200 ಸೆಕೆಂಡ್, ಐಎಸ್‌ಒ 800ರಿಂದ ಶುರು ಮಾಡಬಹುದು.

ಬೆಳಕೇ ಇಲ್ಲಿ ಮುಖ್ಯ. ಮೊದಲ ಫ್ಲ್ಯಾಶ್ ಲೆನ್ಸಿನಿಂದ 45 ಡಿಗ್ರಿ ಬದಿಗೆ, ಪ್ರಾಣಿಗಿಂತ ಎತ್ತರದಲ್ಲಿ, ಬೆಳಕನ್ನು ಮೃದುವಾಗಿಸುವ ಡಿಫ್ಯೂಸರ್ ಹಾಕಿ; ಎರಡನೆಯದು ಹಿಂಬದಿಯಿಂದ, ರೋಮದ ಅಂಚು ಬೆಳಗುವಂತೆ. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇದ್ದರೆ ಕಣ್ಣುಗಳು ಬರೀ ಹೊಳೆಯುವ ಚುಕ್ಕೆಗಳಾಗುತ್ತವೆ. ಫ್ಲ್ಯಾಶಿನ ಪೂರ್ಣ ಶಕ್ತಿಯ 1/16 ಸಾಕು: ಮಿಂಚು ಚಿಕ್ಕದಾದಷ್ಟೂ ನಡೆಯುವ ಕಾಲು ಮಸುಕಾಗದು, ಕತ್ತಲಿಗೆ ಒಗ್ಗಿದ ಕಣ್ಣಿಗೂ ತೊಂದರೆ ಕಡಿಮೆ.

ಚಲಿಸುವ ಪ್ರಾಣಿಯ ಮೈಶಾಖ ಗುರುತಿಸಿ ಕ್ಯಾಮೆರಾ ಚಾಲೂ ಮಾಡುವ ಪಿಐಆರ್ ಸೆನ್ಸರ್ ದಾರಿಗೆ ಅಡ್ಡಲಾಗಿ ನೋಡುವಂತಿರಲಿ. ಬಿಸಿಲು ಬಿದ್ದು ಅಲ್ಲಾಡುವ ಎಲೆಗಳು ಹಗಲಲ್ಲಿ ಸುಳ್ಳು ಚಿತ್ರಗಳನ್ನು ತುಂಬಿಸುತ್ತವೆ. ಮೊದಲ ಚಿತ್ರ ಪೂರ್ತಿ ಕಪ್ಪಾದರೆ ಬಹುಪಾಲು ಫ್ಲ್ಯಾಶ್ ನಿದ್ದೆಗೆ ಜಾರಿರುತ್ತದೆ. ಆಟೋ ಸ್ಲೀಪ್ ಆಫ್ ಮಾಡಿ, ಅಥವಾ ಶಟರ್ ಗುಂಡಿ ಅರ್ಧ ಒತ್ತಿದಂಥ ಸಂಕೇತ ಕಳಿಸಿ ಎಬ್ಬಿಸುವ ಟ್ರಿಗರ್ ಬಳಸಿ. ಮಲೆನಾಡಿನ ತೇವಕ್ಕೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಬೇಕೇ ಬೇಕು. ಚಿತ್ರದಿಂದ ಚಿತ್ರಕ್ಕೆ ಕನಿಷ್ಠ 30 ಸೆಕೆಂಡ್ ಬಿಡುವು ಕೊಡಿ. ಕಬ್ಬೆಕ್ಕು ಬೆದರಿ ದಾರಿ ಬದಲಿಸಿದ್ದು ಕಂಡರೆ ಅಂದೇ ಎಲ್ಲ ಬಿಚ್ಚಿ ತನ್ನಿ.