ಆಪರೇಷನ್ ಆದ ಕಣ್ಣು ಮಬ್ಬಾಯಿತೇ? ಸೋಮವಾರದವರೆಗೆ ಕಾಯಬೇಡಿ

ನಮ್ಮ ಅತ್ತೆಯವರಿಗೆ ಕಣ್ಣಿನ ಪೊರೆ ತೆಗೆದದ್ದು ಒಂದು ಗುರುವಾರ. ಶುಕ್ರವಾರ ಬೆಳಿಗ್ಗೆ ಪಟ್ಟಿ ಬಿಚ್ಚಿದ ಮೇಲೆ, ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಅಡುಗೆಮನೆ ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್ ನೋಡಿ ಏಕಾದಶಿ ಯಾವತ್ತು ಅಂತ ಅವರೇ ಓದಿ ಹೇಳಿದರು. ಭಾನುವಾರ ಬೆಳಿಗ್ಗೆ ಏಳಕ್ಕೆ ಅದೇ ಕ್ಯಾಲೆಂಡರ್ ಮುಂದೆ ನಿಂತು, "ನೋವೇನೂ ಇಲ್ಲ ಬಿಡವಾ, ಮಬ್ಬ ಕಾಣಸ್ತದ ಅಷ್ಟ" ಎಂದರು. ಆಪರೇಷನ್ ಮಾಡಿದ ಕ್ಲಿನಿಕ್‌ಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಲೋಕಲ್ ಹಿಡಿಯೋಣವೆಂದರೆ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ರೈಲು ಬಂದ್. ಮೆಡಿಕಲ್ ಅಂಗಡಿಯವರು ಕೆಂಪಿಗೆ ಅಂತ ಒಂದು ಡ್ರಾಪ್ಸ್ ಕೊಟ್ಟರು. ನಾಳೆ ಸೋಮವಾರ, ಹೇಗೂ ತೋರಿಸೋಣ ಅಂದುಕೊಂಡೆವು. ಸಂಜೆಯಾಗುವಷ್ಟರಲ್ಲಿ ಮುಖದ ಮುಂದೆ ಕೈ ಆಡಿಸಿದರೆ ಮಾತ್ರ ಅವರಿಗೆ ಗೊತ್ತಾಗುತ್ತಿತ್ತು. ಟ್ಯಾಕ್ಸಿ ಮಾಡಿಕೊಂಡು ದೊಡ್ಡ ಆಸ್ಪತ್ರೆ ಸೇರಿದಾಗ ಆರೂವರೆ.

ಅದು ಕಣ್ಣಿನೊಳಗಿನ ಸೋಂಕು. ಆ ಹನ್ನೊಂದೂವರೆ ಗಂಟೆ ನನ್ನನ್ನು ಈಗಲೂ ಬಿಟ್ಟಿಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದರೂ ಪೊರೆ ಆಪರೇಷನ್, ಇಲ್ಲಿಯವರು ಹೇಳುವ ಮೋತಿಬಿಂದು ಆಪರೇಷನ್, ಆಗುವುದಿದ್ದರೆ ಇದನ್ನು ಓದಿ ಇಟ್ಟುಕೊಳ್ಳಿ.

ಕಣ್ಣೊಳಗೆ ಆಗುವುದೇನು?

ಕಣ್ಣುಗುಡ್ಡೆಯ ಒಳಗೆ ಸುಮಾರು 4 ಮಿಲಿ ಲೀಟರ್‌ನಷ್ಟು ಪಾರದರ್ಶಕ ಲೋಳೆ ಇದೆ. ಲೋಳೆಸರದ ಎಲೆ ಸೀಳಿದಾಗ ಕಾಣುವ ತಿರುಳನ್ನು ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಹಾಗೆ. ಡಾಕ್ಟರುಗಳು ಇದನ್ನು ವಿಟ್ರಿಯಸ್ ಅನ್ನುತ್ತಾರೆ. ಇದರಲ್ಲಿ ರಕ್ತನಾಳಗಳಿಲ್ಲ. ಹಾಗಾಗಿ ಒಳಗೆ ಸೇರಿದ ಬ್ಯಾಕ್ಟೀರಿಯಾವನ್ನು ತಡೆಯುವ ರಕ್ತದ ಬಿಳಿಕಣಗಳು ಅಲ್ಲಿಗೆ ಬೇಗ ಬರುವುದಿಲ್ಲ. ಅವು ಬರುವ ಹೊತ್ತಿಗೆ ಬ್ಯಾಕ್ಟೀರಿಯಾ ದುಪ್ಪಟ್ಟು, ನಾಲ್ಕು ಪಟ್ಟು ಆಗಿರುತ್ತದೆ. ಲೋಳೆಯ ಹಿಂದೆಯೇ ರೆಟಿನಾ, ಅಂದರೆ ಬೆಳಕನ್ನು ಹಿಡಿದು ನೋಟ ಕೊಡುವ ಪದರ, ಇದೆ. ಬ್ಯಾಕ್ಟೀರಿಯಾ ಬಿಡುವ ವಿಷವೂ, ಅದರ ಮೇಲೆ ನಮ್ಮ ದೇಹವೇ ಹೂಡುವ ಉರಿಯೂತವೂ ಸೇರಿ ರೆಟಿನಾವನ್ನು ಸುಡುತ್ತವೆ. ಸತ್ತ ರೆಟಿನಾ ಮತ್ತೆ ಚಿಗುರುವುದಿಲ್ಲ. ಈ ಕಾಯಿಲೆಯ ಹೆಸರು ಎಂಡೋಫ್ಥಾಲ್ಮೈಟಿಸ್. ಕಣ್ಣು ಬರುವುದು, ಅಂದರೆ ಕಂಜಕ್ಟಿವೈಟಿಸ್, ಕಣ್ಣಿನ ಹೊರಪದರದ ಕಾಯಿಲೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಪೊರೆ ಆಪರೇಷನ್‌ನಲ್ಲಿ ಹೆಚ್ಚಾಗಿ ಒಳಗೆ ಹೋಗುವುದು ರೋಗಿಯ ರೆಪ್ಪೆಯ ಮೇಲೇ ಇರುವ ಬ್ಯಾಕ್ಟೀರಿಯಾ. ಕೆಲವೊಮ್ಮೆ ಕಣ್ಣು ತೊಳೆಯುವ ದ್ರಾವಣವೇ ಕೆಟ್ಟಿದ್ದು, ಒಂದೇ ದಿನ ಆಪರೇಷನ್ ಆದ ಹಲವರಿಗೆ ಒಟ್ಟಿಗೆ ಬರುವುದೂ ಉಂಟು. ಸಕ್ಕರೆ ಕಾಯಿಲೆಯವರಿಗೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್, ಕಣ್ಣಿಗೆ ಚುಚ್ಚಿದ ಗಾಯ, ಕರಿಗುಡ್ಡೆಯ ಮೇಲಿನ ಹುಣ್ಣು, ಇವೂ ದಾರಿಗಳೇ. ಇನ್ನೊಂದು ಒಳದಾರಿ ರಕ್ತ. ಯಕೃತ್ತಿನ ಕೀವುಗಡ್ಡೆ, ಮೂತ್ರದ ಸೋಂಕು, ಬಹಳ ದಿನ ಇಟ್ಟ ಸಲೈನ್ ಸೂಜಿ, ಇವುಗಳಿಂದ ಬ್ಯಾಕ್ಟೀರಿಯಾ ಅಥವಾ ಫಂಗಸ್ ರಕ್ತದ ಜೊತೆ ಕಣ್ಣಿಗೆ ಬರಬಹುದು.

ಹೆದರಿ ಆಪರೇಷನ್ನನ್ನೇ ಮುಂದೂಡಬೇಡಿ. ಒಳ್ಳೆಯ ಕಡೆ ಸಾವಿರ ಆಪರೇಷನ್‌ಗೆ ಒಂದರ ಆಸುಪಾಸು, ಎಷ್ಟೋ ಕಡೆ ಅದಕ್ಕಿಂತಲೂ ಕಮ್ಮಿ ಜನಕ್ಕೆ ಹೀಗಾಗುತ್ತದೆ.

ಮೊದಲ ಹೆಜ್ಜೆ: ದಿನಾ ಬೆಳಿಗ್ಗೆ ಒಂದು ನಿಮಿಷ

ಪಟ್ಟಿ ಬಿಚ್ಚಿದ ದಿನವೇ ಶುರು ಮಾಡಿ. ಗೋಡೆಯ ಕ್ಯಾಲೆಂಡರ್ ಮುಂದೆ ಒಂದು ಜಾಗ ಗೊತ್ತು ಮಾಡಿ, ನೆಲಕ್ಕೆ ಗುರುತು ಹಾಕಿ. ದಿನಾ ಅಲ್ಲೇ ನಿಲ್ಲಿಸಿ. ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಒತ್ತಬಾರದು. ಆಪರೇಷನ್ ಆದ ಕಣ್ಣಿನಿಂದ ತಾರೀಖು ಓದಲಿ. ಇನ್ನೊಂದು ಕಣ್ಣು ಮುಚ್ಚದೇ ಇದ್ದರೆ ಈ ಪರೀಕ್ಷೆ ಸುಮ್ನೆ. ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಗುಟ್ಟು ಬಿಟ್ಟುಕೊಡುವುದಿಲ್ಲ.

ನಿನ್ನೆಗಿಂತ ಇವತ್ತು ಚೆನ್ನಾಗಿ ಕಾಣಬೇಕು, ಇಲ್ಲವೇ ಅಷ್ಟೇ ಇರಬೇಕು. ನಿನ್ನೆಗಿಂತ ಕಮ್ಮಿಯಾದರೆ ಅದೇ ಎಚ್ಚರಿಕೆಯ ಗಂಟೆ. ರೆಪ್ಪೆ ಊದುವುದು, ಬೆಳಕು ಸಹಿಸದಿರುವುದು, ಕೆಂಪು ಜಾಸ್ತಿಯಾಗುವುದು, ಕರಿಗುಡ್ಡೆಯ ಕೆಳಗಡೆ ಬಿಳಿ ಗೆರೆಯ ಹಾಗೆ ಕೀವು ಕೂತಿರುವುದು, ಇವೂ ಲಕ್ಷಣಗಳೇ. ಆದರೆ ನೋವಿಗಾಗಿ ಕಾಯಬೇಡಿ. ಅಮೆರಿಕದಲ್ಲಿ 420 ರೋಗಿಗಳನ್ನು ನೋಡಿ 1995ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ನೋವೇ ಇರಲಿಲ್ಲ. ನಮ್ಮ ಅತ್ತೆಯವರ ಹಾಗೆ.

ಮೊದಲ ವಾರದಲ್ಲೇ ಜಾಸ್ತಿ ಆಗುತ್ತದೆ, ಆರು ವಾರದವರೆಗೂ ಎಚ್ಚರ ಬೇಕು. ಫಂಗಸ್ ಆದರೆ ನಿಧಾನವಾಗಿ, ವಾರಗಳ ಮೇಲೂ ಕಾಣಿಸಿಕೊಳ್ಳಬಹುದು.

ಎರಡನೇ ಹೆಜ್ಜೆ: ಫೋನಿನಲ್ಲಿ ಹೇಳುವ ಮಾತು

"ಕಣ್ಣು ಕೆಂಪಾಗಿದೆ" ಅಂದರೆ ಎತ್ತಿದವರು "ನಾಳೆ ಬನ್ನಿ" ಅನ್ನುತ್ತಾರೆ. ಹೀಗೆ ಹೇಳಿ: "ಮೋತಿಬಿಂದು ಆಪರೇಷನ್ ಆಗಿ ಮೂರು ದಿನ. ನಿನ್ನೆ ಕಾಣುತ್ತಿತ್ತು, ಇವತ್ತು ಕಾಣುತ್ತಿಲ್ಲ. ರೆಟಿನಾ ಡಾಕ್ಟರ್ ಇದ್ದಾರಾ?" ಆಪರೇಷನ್ ಮಾಡಿದ ಡಾಕ್ಟರ್ ಸಿಗದಿದ್ದರೆ ಅವರಿಗಾಗಿ ಕೂರಬೇಡಿ. ಮುಂಬಯಿಯಲ್ಲಿ ಪರೇಲಿನ ಕೆ.ಇ.ಎಂ., ಸಯನ್ ಆಸ್ಪತ್ರೆ, ಭಾಯಖಳಾದ ಜೆ.ಜೆ., ಇವೆಲ್ಲ ಕಣ್ಣಿನ ವಿಭಾಗ ಇರುವ ದೊಡ್ಡ ಸರ್ಕಾರಿ, ಪಾಲಿಕೆ ಆಸ್ಪತ್ರೆಗಳು. ಮೆಗಾ ಬ್ಲಾಕ್ ಇದ್ದರೆ ಟ್ಯಾಕ್ಸಿ ಮಾಡಿ. ಆ ದುಡ್ಡಿಗೆ ಹಿಂದೆಮುಂದೆ ನೋಡಬೇಡಿ.

ಡಿಸ್ಚಾರ್ಜ್ ಕಾರ್ಡ್, ಲೆನ್ಸಿನ ಸ್ಟಿಕ್ಕರ್, ಹಾಕುತ್ತಿರುವ ಎಲ್ಲ ಡ್ರಾಪ್ಸ್ ಬಾಟಲಿ, ಸಕ್ಕರೆ ಮತ್ತು ರಕ್ತ ತೆಳುವಾಗಿಸುವ ಮಾತ್ರೆಗಳ ಚೀಟಿ, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ. ನಂದಿಬಟ್ಟಲ ಹೂವಿನ ರಸ, ಎದೆಹಾಲು, ಜೇನು, ಯಾವುದನ್ನೂ ಆ ಕಣ್ಣಿಗೆ ಬಿಡಬೇಡಿ. ಅಂಗಡಿಯಲ್ಲಿ ಕೇಳಿ ತಂದ ಡ್ರಾಪ್ಸ್ ಕೂಡ ಬೇಡ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ಇಳಿಯುತ್ತದೆ, ಒಳಗೆ ಸೋಂಕು ಬೆಳೆಯುತ್ತಲೇ ಇರುತ್ತದೆ.

ಗಾಯವಾಗಿದ್ದರೆ ದಾರಿ ಬೇರೆ. ಸುತ್ತಿಗೆ ಏಟಿಗೆ ಸಿಡಿದ ಕಬ್ಬಿಣದ ಚೂರು, ಪೆನ್ಸಿಲ್ ಮೊನೆ, ಮುಳ್ಳು, ಯಾವುದನ್ನೂ ನೀವೇ ಕೀಳಬೇಡಿ. ತೊಳೆಯಬೇಡಿ, ಉಜ್ಜಬೇಡಿ. ಕಣ್ಣಿನ ಮೇಲೆ ಪೇಪರ್ ಕಪ್ ಬೋರಲು ಹಾಕಿ, ಕಣ್ಣಿಗೆ ತಾಗದ ಹಾಗೆ ಟೇಪ್ ಅಂಟಿಸಿ, ಹೊರಡಿ. ಅರಿವಳಿಕೆ ಕೊಡಬೇಕಾಗಬಹುದು, ಹಾಗಾಗಿ ದಾರಿಯಲ್ಲಿ ಚಹಾ, ಬಿಸ್ಕತ್ತು ಏನೂ ಕೊಡಬೇಡಿ. ಮಣ್ಣು ಮೆತ್ತಿದ ವಸ್ತು ಚುಚ್ಚಿದ್ದರೆ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕಣ್ಣನ್ನು ಮುಗಿಸಿಬಿಡಬಲ್ಲದು.

ಮೂರನೇ ಹೆಜ್ಜೆ: ಆಸ್ಪತ್ರೆಯಲ್ಲಿ

ಮೊದಲು ಯಂತ್ರದ ಬೆಳಕಿನಲ್ಲಿ ಕಣ್ಣು ನೋಡುತ್ತಾರೆ. ಒಳಗೆ ಕಾಣದಷ್ಟು ಮಬ್ಬಾಗಿದ್ದರೆ ರೆಪ್ಪೆಯ ಮೇಲಿಂದ ಸೋನೋಗ್ರಫಿ. ಆಮೇಲೆ ಬಿಳಿಗುಡ್ಡೆಯ ಮೂಲಕ ಸಣ್ಣ ಸೂಜಿ ಹಾಕಿ ಒಂದೆರಡು ಹನಿ ಲೋಳೆ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ರಿಪೋರ್ಟಿಗೆ ಕಾಯದೆ, ಅಲ್ಲೇ ಎರಡು ಔಷಧಿ ಕಣ್ಣಿನೊಳಗೆ ಕೊಡುತ್ತಾರೆ: ವ್ಯಾಂಕೊಮೈಸಿನ್ 1 ಮಿಲಿ ಗ್ರಾಂ, ಸೆಫ್ಟಾಝಿಡಿಮ್ 2.25 ಮಿಲಿ ಗ್ರಾಂ, ಸಾಮಾನ್ಯವಾಗಿ ಒಂದೊಂದೂ 0.1 ಮಿಲಿ ಲೀಟರ್. ಎರಡೂ ಬೆರೆತರೆ ಗಸಿ ಕಟ್ಟುತ್ತವೆ, ಅದಕ್ಕೇ ಬೇರೆ ಬೇರೆ ಸಿರಿಂಜ್. ಫಂಗಸ್ ಅನುಮಾನ ಬಂದರೆ ವೊರಿಕೊನಝೋಲ್ ಅಥವಾ ಆಂಫೊಟೆರಿಸಿನ್.

"ಕಣ್ಣಿಗೇ ಸೂಜಿಯಾ? ಮಾತ್ರೆ ಕೊಡಿ ಸಾಕು" ಎಂದು ನಮ್ಮ ಮಾವನವರು ಡಾಕ್ಟರ ಮುಂದೆ ಕೈಮುಗಿದಿದ್ದರು. ಕಣ್ಣಿಗೂ ರಕ್ತಕ್ಕೂ ನಡುವೆ ಒಂದು ತಡೆಗೋಡೆ ಇದೆ. ಮಾತ್ರೆ, ಸಲೈನ್‌ನಲ್ಲಿ ಕೊಟ್ಟ ಎಷ್ಟೋ ಔಷಧಿ ಅದನ್ನು ದಾಟಿ ಸಾಕಷ್ಟು ಒಳಗೆ ಹೋಗುವುದಿಲ್ಲ. ಅದೇ 1995ರ ಅಧ್ಯಯನದಲ್ಲಿ ರಕ್ತನಾಳಕ್ಕೆ ಆಂಟಿಬಯಾಟಿಕ್ ಕೊಟ್ಟವರಿಗೂ ಕೊಡದವರಿಗೂ ದೃಷ್ಟಿಯಲ್ಲಿ ವ್ಯತ್ಯಾಸ ಬರಲಿಲ್ಲ. ಸೋಂಕು ರಕ್ತದಿಂದಲೇ ಬಂದಿದ್ದರೆ ಮಾತ್ರ ಮೈಗೂ ಔಷಧಿ ಬೇಕೇ ಬೇಕು. ಕಣ್ಣು ಮರಗಟ್ಟಿಸಿಯೇ ಸೂಜಿ ಹಾಕುವುದು. ಅತ್ತೆಯವರು "ಇರುವೆ ಕಡಿದ ಹಾಗಾತು" ಎಂದರು.

ವಿಟ್ರೆಕ್ಟಮಿ ಅಂದರೆ ಕೀವಾದ ಲೋಳೆಯನ್ನೇ ಕತ್ತರಿಸಿ ಹೀರಿ ತೆಗೆಯುವ ಆಪರೇಷನ್. ಬೆಳಕು ಮಾತ್ರ ಗೊತ್ತಾಗುವ ಸ್ಥಿತಿಯಲ್ಲಿ ಬಂದವರಿಗೆ ಇದು ತಕ್ಷಣ ಬೇಕು. ಆ ಅಧ್ಯಯನದಲ್ಲಿ ಅಂಥವರಲ್ಲಿ ವಿಟ್ರೆಕ್ಟಮಿ ಆದ 33 ಶೇಕಡಾ ಮಂದಿಗೆ 6/12 ಅಥವಾ ಇನ್ನೂ ಒಳ್ಳೆಯ ದೃಷ್ಟಿ ಬಂತು. ಬರೀ ಸೂಜಿ ಹಾಕಿಸಿಕೊಂಡವರಲ್ಲಿ 11 ಶೇಕಡಾ. (6/12 ಅಂದರೆ ಸಾಮಾನ್ಯ ಕಣ್ಣಿಗೆ 12 ಮೀಟರಿನಿಂದ ಕಾಣುವ ಅಕ್ಷರ 6 ಮೀಟರಿನಿಂದ ಕಾಣುವುದು.) ಕೈ ಆಡಿದ್ದು ಕಾಣುವವರಿಗೆ ಎರಡೂ ಸರಿಸಮ. ಈಗ ಉಪಕರಣಗಳು ಸುಧಾರಿಸಿವೆ, ಹಾಗಾಗಿ ಕೆಲವು ಸರ್ಜನ್‌ಗಳು ಬೇಗನೇ ವಿಟ್ರೆಕ್ಟಮಿಗೆ ಹೋಗುತ್ತಾರೆ. ನಿಮ್ಮ ಡಾಕ್ಟರ್ ಯಾಕೆ ಹಾಗೆ ತೀರ್ಮಾನಿಸಿದರು ಅಂತ ಕೇಳಿ, ಹೇಳುತ್ತಾರೆ.

ಎರಡು ಮೂರು ದಿನದಲ್ಲಿ ಇಳಿಯದಿದ್ದರೆ ಮತ್ತೆ ಸೂಜಿ. ವಿಟ್ರೆಕ್ಟಮಿಯಲ್ಲಿ ಗ್ಯಾಸ್ ತುಂಬಿದ್ದರೆ ಡಾಕ್ಟರ್ ಹೇಳುವವರೆಗೂ ವಿಮಾನ ಹತ್ತಬಾರದು, ಒಳಗಿನ ಒತ್ತಡ ಏರುತ್ತದೆ. ಬೋರಲು ಮಲಗಲು ಹೇಳಿದ್ದರೆ ಹಾಗೇ ಮಲಗಬೇಕು.

ದೃಷ್ಟಿ ಎಷ್ಟು ಬರುತ್ತದೆ?

ಎರಡು ವಿಷಯ ನೋಡಬೇಕು. ಬಂದಾಗ ಎಷ್ಟು ಕಾಣುತ್ತಿತ್ತು, ಒಳಗಿದ್ದದ್ದು ಯಾವ ಬ್ಯಾಕ್ಟೀರಿಯಾ. ಚರ್ಮದ ಮೇಲಿರುವ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಆಗಿದ್ದರೆ ಎಷ್ಟೋ ಜನ ಮತ್ತೆ ಪೇಪರ್ ಓದುತ್ತಾರೆ. ಸ್ಟ್ರೆಪ್ಟೊಕಾಕಸ್, ಸ್ಯೂಡೊಮೊನಾಸ್ ಆದರೆ ಕಷ್ಟ. ತೀರಾ ಕೆಟ್ಟರೆ ಕಣ್ಣಿನ ಒಳಭಾಗವನ್ನೇ ತೆಗೆಯಬೇಕಾಗುತ್ತದೆ. 420 ಜನರ ಆ ಅಧ್ಯಯನದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಂದಿಗೆ 6/12 ಅಥವಾ ಮೇಲಿನ ದೃಷ್ಟಿ ಉಳಿಯಿತು. ಅದೆಲ್ಲ ಪೊರೆ, ಲೆನ್ಸ್ ಆಪರೇಷನ್ ಆದವರ ಲೆಕ್ಕ. ಗಾಯವಾದವರದು ಇಷ್ಟು ಒಳ್ಳೆಯದಿರುವುದಿಲ್ಲ.

ಆಪರೇಷನ್‌ಗೆ ಮುಂಚೆ

ಸಕ್ಕರೆ ಹತೋಟಿಗೆ ತನ್ನಿ. ರೆಪ್ಪೆಯ ಅಂಚಿನಲ್ಲಿ ಪಿಸುರು ಕಟ್ಟುತ್ತಿದ್ದರೆ ಮೊದಲು ಅದನ್ನು ವಾಸಿ ಮಾಡಿಸಿ. ಆಪರೇಷನ್ ಮುಂಚೆ ಕಣ್ಣಿಗೆ 5 ಶೇಕಡಾ ಪೊವಿಡೋನ್ ಅಯೋಡಿನ್ ಎಂಬ ಕ್ರಿಮಿನಾಶಕ ಹಾಕುತ್ತಾರಾ, ಕೊನೆಗೆ ಒಳಗೆ ಆಂಟಿಬಯಾಟಿಕ್ ಬಿಡುತ್ತಾರಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಒಳಗೆ ಬಿಟ್ಟರೆ ಅಪಾಯ ಬಹಳ ಇಳಿಯುತ್ತದೆ ಅಂತ 2007ರಲ್ಲಿ ಯುರೋಪಿನ ಅಧ್ಯಯನ ತೋರಿಸಿತು. ಮಾಕ್ಸಿಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಬಗ್ಗೆ ನಮ್ಮ ಅರವಿಂದ್ ಕಣ್ಣಾಸ್ಪತ್ರೆಗಳ ಲಕ್ಷಾಂತರ ಕಣ್ಣುಗಳ ದಾಖಲೆಯೂ ಅದನ್ನೇ ಹೇಳುತ್ತದೆ. ಆಮೇಲೆ ಕೈ ತೊಳೆದೇ ಡ್ರಾಪ್ಸ್ ಹಾಕಿ, ಬಾಟಲಿ ತುದಿ ರೆಪ್ಪೆಗೆ ತಾಗಿಸಬೇಡಿ. ಡಾಕ್ಟರ್ ಹೇಳುವವರೆಗೆ ತಲೆಗೆ ನೀರು ಬೇಡ.

ಅತ್ತೆಯವರ ದೃಷ್ಟಿ 6/18ಕ್ಕೆ ನಿಂತಿದೆ. ಕಾಲನಿರ್ಣಯದ ತಾರೀಖು ಕಾಣುತ್ತದೆ, ಕೆಳಗಿನ ಏಕಾದಶಿಯ ಸಣ್ಣಕ್ಷರ ಕಾಣುವುದಿಲ್ಲ. ಹೋದ ತಿಂಗಳು ಇನ್ನೊಂದು ಕಣ್ಣಿನ ಆಪರೇಷನ್‌ಗೆ ಹೊಸ ಡಾಕ್ಟರ ಹತ್ತಿರ ಹೋಗಿದ್ದೆವು. ಲೆನ್ಸು ಯಾವುದು, ಖರ್ಚೆಷ್ಟು ಅಂತ ನಾವು ಬಾಯಿ ತೆರೆಯುವ ಮೊದಲೇ ಅತ್ತೆಯವರು ಕೇಳಿದರು: "ಡಾಕ್ಟರ್, ಐತವಾರ ಫೋನ್ ಯಾರ ಎತ್ತತಾರ?" ಡಾಕ್ಟರ್ ಎರಡು ನಂಬರ್ ಬರೆದುಕೊಟ್ಟರು. ಆ ಚೀಟಿ ಈಗ ಕ್ಯಾಲೆಂಡರ್ ಪಕ್ಕದಲ್ಲೇ ಅಂಟಿಸಿದೆ, ದಪ್ಪ ಅಕ್ಷರದಲ್ಲಿ.