ಬಿಡಿಸುವ ಮುಂಚೆ ಒಳಗೊಮ್ಮೆ ಇಣುಕಿ

ಗೆಳೆಯನೊಬ್ಬ ತನ್ನ ಹಳೆಯ ಪ್ರಾಜೆಕ್ಟನ್ನು ಟಾರ್ ಮಾಡಿ, ಅಂದರೆ ಹಲವು ಫೈಲುಗಳನ್ನು ಒಂದೇ ಫೈಲಾಗಿ ಕಟ್ಟಿ, ಜಿಝಿಪ್‌ನಲ್ಲಿ ಕುಗ್ಗಿಸಿ ಕಳಿಸಿದ್ದ. ನಾನು ಲಿನಕ್ಸಿನಲ್ಲಿ ಕಮಾಂಡ್ ಟೈಪಿಸುವ ಟರ್ಮಿನಲ್ ತೆರೆದೆ, ಹೋಮ್ ಫೋಲ್ಡರಿನಲ್ಲಿದ್ದುಕೊಂಡೇ 'ಟಾರ್ -ಎಕ್ಸ್‌ಎಫ್' ಕೊಟ್ಟೆ. ಎಕ್ಸ್ ಅಂದರೆ ಬಿಡಿಸು, ಎಫ್ ಅಂದರೆ ಮುಂದೆ ಬರುವುದು ಫೈಲಿನ ಹೆಸರು. ಸದ್ದಿಲ್ಲದೆ ಮುಗಿಯಿತು. ಆಮೇಲೆ ಫೈಲುಗಳ ಪಟ್ಟಿ ತೋರಿಸುವ 'ಎಲ್‌ಎಸ್' ಹೊಡೆದರೆ ಪರದೆ ತುಂಬಾ ಗುರುತಿಲ್ಲದ ಫೈಲುಗಳು!

ಅವನು ಫೋಲ್ಡರನ್ನು ಕಟ್ಟುವ ಬದಲು ಅದರೊಳಗಿನ ಫೈಲುಗಳನ್ನಷ್ಟೇ ಕಟ್ಟಿದ್ದ. ನನ್ನದೂ ಅವನದೂ ಸೇರಿ ಕಲಸುಮೇಲೋಗರ. ಇದಕ್ಕೆ ಟಾರ್‌ಬಾಂಬ್ ಅಂತ ಹೆಸರೇ ಇದೆಯಂತೆ. ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ನನ್ನ ನೋಟ್ಸ್ ಫೈಲಿನ ಹೆಸರೇ ಅವನ ಒಂದು ಫೈಲಿಗೂ ಇತ್ತು. ಝಿಪ್ ಫೈಲು ಬಿಡಿಸುವ ಅನ್‌ಝಿಪ್ ಆಗಿದ್ದರೆ 'ಬದಲಿಸಲಾ' ಅಂತ ಒಂದು ಮಾತು ಕೇಳುತ್ತಿತ್ತು. ಟಾರ್ ಕೇಳುವುದಿಲ್ಲ. ನನ್ನ ನೋಟ್ಸ್ ಹೋಯಿತು.

ಈ ರಾಶಿಯನ್ನು ಗುಡಿಸಿಹಾಕಲು ನೆರವಾದದ್ದೂ ಟಾರ್ ಕಮಾಂಡೇ. 'ಟಾರ್ -ಟಿಎಫ್' ಕೊಟ್ಟರೆ ಏನನ್ನೂ ಬಿಡಿಸದೆ ಒಳಗಿನ ಹೆಸರುಗಳ ಪಟ್ಟಿ ಮಾತ್ರ ತೋರಿಸುತ್ತದೆ. ಆ ಪಟ್ಟಿಯನ್ನು ಪೈಪ್ ಮಾಡಿ (ಒಂದು ಕಮಾಂಡಿನ ಉತ್ತರವನ್ನು ಇನ್ನೊಂದಕ್ಕೆ ಹರಿಸಿ), ಪಟ್ಟಿಯ ಹೆಸರುಗಳನ್ನು ಮುಂದಿನ ಕಮಾಂಡಿಗೆ ಒಪ್ಪಿಸುವ 'ಎಕ್ಸ್‌ಆರ್ಗ್ಸ್' ಮೂಲಕ, ಫೈಲು ಅಳಿಸುವ 'ಆರ್‌ಎಂ'ಗೆ ದಾಟಿಸಿದೆ. ಹೆಸರಿನ ನಡುವೆ ಜಾಗ ಬಿಟ್ಟಿದ್ದ ಫೈಲುಗಳು ಮಾತ್ರ ಉಳಿದುಕೊಂಡವು. ಎಕ್ಸ್‌ಆರ್ಗ್ಸ್ ಅಂಥ ಒಂದು ಹೆಸರನ್ನು ಎರಡು ಅಂದುಕೊಳ್ಳುತ್ತದೆ. ಅವನ್ನು ಕೈಯಾರೆ ಅಳಿಸಿದೆ.

ಈಗ ಯಾರು ಏನು ಕಳಿಸಿದರೂ ಮೊದಲು -ಟಿಎಫ್. ಆಮೇಲೆ ಹೊಸ ಫೋಲ್ಡರ್ ಮಾಡಿ, ದೊಡ್ಡ -ಸಿ ಹಾಕಿ ಅದರ ಹೆಸರು ಕೊಟ್ಟು ಅಲ್ಲಿಗೇ ಬಿಡಿಸುತ್ತೇನೆ. ಆ ಫೋಲ್ಡರ್ ಮೊದಲೇ ಇರಬೇಕು, ಟಾರ್ ತಾನಾಗಿ ಮಾಡಿಕೊಡುವುದಿಲ್ಲ. ಝಿಪ್ ಆದರೆ 'ಅನ್‌ಝಿಪ್ -ಎಲ್' ಪಟ್ಟಿ ಕೊಡುತ್ತದೆ.

ಹಳಬರು ಕುಗ್ಗಿಸಿದ ಬಗೆ ಹೇಳಲು ಝಡ್, ಜೆ ಅಂತ ಅಕ್ಷರ ಸೇರಿಸುತ್ತಾರಲ್ವಾ? ಲಿನಕ್ಸಿನ ಟಾರ್‌ಗೆ ಬಿಡಿಸುವಾಗ ಅದು ಬೇಡ, ಹೇಗೆ ಕುಗ್ಗಿಸಿದ್ದಾರೆಂದು ಅದೇ ಕಂಡುಕೊಳ್ಳುತ್ತದೆ. ಸೇರಿಸಿದರೂ ಎಫ್ ಕೊನೆಯಲ್ಲಿರಲಿ. '-ಎಕ್ಸ್‌ಎಫ್‌ಝಡ್' ಅಂತ ಬರೆದು, 'ಝಡ್' ಎಂಬ ಫೈಲೇ ಇಲ್ಲ ಅಂತ ಬೈಸಿಕೊಂಡಿದ್ದೇನೆ.

ಜಿಝಿಪ್ ಫೈಲು ಬಿಡಿಸುವ 'ಜಿಅನ್‌ಝಿಪ್' ಬಿಡಿಸಿದ ಮೇಲೆ ಮೂಲ ಫೈಲನ್ನೇ ಅಳಿಸಿಬಿಡುತ್ತದೆ, ಉಳಿಯಬೇಕೆಂದರೆ -ಕೆ ಹಾಕಬೇಕು. ಬಿಡಿಸುವ ಇನ್ನೊಂದು ಕಮಾಂಡ್ '7ಝಡ್' ಜೊತೆ ಎಕ್ಸ್ ಬದಲು ಇ ಒತ್ತಿದರಂತೂ ಒಳಗಿನ ಫೋಲ್ಡರುಗಳ ಫೈಲುಗಳೆಲ್ಲ ಒಂದೇ ಕಡೆ ರಾಶಿ ಬೀಳುತ್ತವೆ.

ಕೆಲವೊಮ್ಮೆ ಬಿಡಿಸುವುದೇ ಬೇಡ. ಕನ್ನಡ ವಿಕಿಪೀಡಿಯದ ಪೂರ್ತಿ ಡಂಪ್, ಅಂದರೆ ಎಲ್ಲ ಬರಹಗಳ ನಕಲು, ಬಿಝಿಪ್2ರಲ್ಲಿ ಕುಗ್ಗಿಸಿದ ಫೈಲಾಗಿ ಸಿಗುತ್ತದೆ. ನನಗೆ ಅದರಲ್ಲಿ ಒಂದು ಪದ ಹುಡುಕಬೇಕಿತ್ತು, ಅಷ್ಟೇ. ಬಿಡಿಸದೆಯೇ ಒಳಗೆ ಹುಡುಕುವ 'ಬಿಝಡ್‌ಗ್ರೆಪ್' ಕೊಟ್ಟು ಕಾಫಿ ಮಾಡಲು ಹೋದೆ. ಬರುವಷ್ಟರಲ್ಲಿ ಆ ಪದವಿರುವ ಸಾಲುಗಳು ಬಂದಿದ್ದವು.